ಬೇರೆ ಹಗ್ಗದ ಮೇಲಿನ ಹಾಸಿಗೆ

ತಗಡಿಗೆ ಒಂದು ದಿನದ ಕೂಲಿ. ಅದನ್ನು ಬಿಗಿಯುವ ಮರದ ಚೌಕಟ್ಟಿಗೆ ಅರ್ಧ ದಿನದ್ದು, ಅದೂ ಬಡಗಿ ಚೌಕಾಸಿಗೆ ಬಗ್ಗಿದರೆ. ತುಕ್ಕು ಹಿಡಿಯದಂತೆ ಮೊದಲು ಬಳಿಯುವ ಕೆಂಪು, ಅದರ ಮೇಲೆ ಎರಡು ಕೈ ಬಿಳಿ, ಅಕ್ಷರಕ್ಕೆ ನೀಲಿ, ಅಂಚಿಗೆ ಹಳದಿ: ಬಣ್ಣವೇ ಎರಡು ದಿನದ ದುಡಿಮೆಯನ್ನು ನುಂಗುತ್ತದೆ. ಇಷ್ಟೆಲ್ಲ ಆದ ಮೇಲೆ ಬರೆಯುವವನ ಹೊಟ್ಟೆಗೂ ಏನಾದರೂ ಬೀಳಬೇಕಲ್ಲ. ಒಟ್ಟಿನಲ್ಲಿ ಕೈಯಿಂದ ಬರೆದ ಬೋರ್ಡು ಎಂದರೆ ಕೂಲಿಯವನ ಒಂದು ವಾರ. ಅದೇ ಅಳತೆಯ ಫ್ಲೆಕ್ಸ್ ಒಂದು ಊಟದ ಖರ್ಚಿನಲ್ಲಿ ಮುಗಿಯುತ್ತದೆ. ಹೇಳಿ ಒಂದು ಚಹಾ ಕುಡಿದು ಬರುವಷ್ಟರಲ್ಲಿ ಸುರುಳಿ ಸುತ್ತಿ ಕೈಗೆ ಕೊಡುತ್ತಾರೆ. ಎರಡು ಬೇಸಿಗೆ ಕಂಡರೆ ಅದು ಬಿಳಿಚಿಕೊಂಡು ಹರಿಯುತ್ತದೆ ಎನ್ನುವುದು ಬೇರೆ ಮಾತು. ಆ ಮಾತಿಗೆ ಕಿವಿ ಕೊಡುವ ಗಿರಾಕಿಗಳು ಈಗ ಇಲ್ಲ.

ಪೇಂಟರನಿಗೆ ಈ ಲೆಕ್ಕ ಬಾಯಿಪಾಠ. ಅಂಗಡಿ ಬೋರ್ಡುಗಳನ್ನು ಬರೆಯುತ್ತಲೇ ತಲೆ ನೆರೆಸಿಕೊಂಡವನು ಅವನು. ಬಿಟ್ಟಿ ಕೆಲಸ ಮಾಡಿದರೆ ಬ್ರಷ್ಷಿಗೂ ಬೇಜಾರಾಗುತ್ತದೆ ಎಂದು ಎಲ್ಲರಿಗೂ ಬುದ್ಧಿ ಹೇಳುವವನು. ಅಂಥವನು ಹಾಸಿಗೆ ಅಂಗಡಿಗೆ ಒಂದು ಬೋರ್ಡನ್ನು ಪುಕ್ಕಟೆ ಬರೆದುಕೊಡಬೇಕೆಂದು ತೀರ್ಮಾನಿಸಿದ. ಅದಕ್ಕೆ ಕಾರಣ ಚಹಾದ ಅಂಗಡಿಯಲ್ಲಿ ಕಿವಿಗೆ ಬಿದ್ದ ಒಂದು ಸುದ್ದಿ.

"ನಿನ್ನ ಜೀವದ ಗೆಳೆಯ ತೊಪ್ಪೆ ಫ್ಲೆಕ್ಸಿನವನ ಹತ್ತಿರ ರೇಟು ಕೇಳ್ತಿದ್ದನಂತೆ. ಗೊತ್ತಾ ನಿನಗೆ?" ಎಂದ ಚಹಾದವನು.

"ಸುಳ್ಳು ಹೇಳಬೇಡ."

"ನಾನ್ಯಾಕೆ ಸುಳ್ಳು ಹೇಳಲಿ? ಫ್ಲೆಕ್ಸಿನವನು ನನಗೇನು ಕಮಿಷನ್ ಕೊಡ್ತಾನಾ?"

ಪೇಂಟರ್ ಚಹಾದ ಗ್ಲಾಸು ಕೆಳಗಿಟ್ಟ. ಊರಿನ ಯಾರಾದರೂ ಫ್ಲೆಕ್ಸ್ ಹಾಕಿಸಿಕೊಳ್ಳಲಿ, ತೊಪ್ಪೆ ಹಾಕಿಸುವುದೇ? ಅದೂ ದೊಡ್ಡಮ್ಮನ ಅಂಗಡಿಗೆ? ತನ್ನನ್ನು ಒಂದು ಮಾತು ಕೇಳದೆ?

ದೊಡ್ಡಮ್ಮ ಎಂದರೆ ತೊಪ್ಪೆಯ ತಾಯಿ. ಅವಳು ಹೋಗಿ ಇನ್ನೂ ಆರು ತಿಂಗಳು ತುಂಬಿರಲಿಲ್ಲ. ಗಂಡ ಸತ್ತ ಮೇಲೆ ಹತ್ತಿ ಹಿಂಜುವ ಬಿಲ್ಲನ್ನು ತಾನೇ ಹಿಡಿದು, ದಬ್ಬಣದಲ್ಲಿ ಹಾಸಿಗೆ ಹೊಲಿದು, ಮಗನನ್ನು ಸಾಕಿದವಳು. ಊರಿಗೆಲ್ಲ ಅವಳು ಹಾಸಿಗೆಯಮ್ಮ. ಪೇಂಟರನಿಗೆ ಮಾತ್ರ ದೊಡ್ಡಮ್ಮ.

ಫ್ಲೆಕ್ಸಿನ ಸುದ್ದಿ ಕೇಳಿದ ದಿನವೇ ಪೇಂಟರ್ ತಗಡು ತಂದ. ಗೆಳೆಯನಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾನೆ, ಸಂಕೋಚದ ಪ್ರಾಣಿ. ಬರೆದು, ಒಣಗಿಸಿ, ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ನೇತುಹಾಕಿಬಿಟ್ಟರೆ ಆಮೇಲೆ ಏನು ಮಾಡಿಯಾನು? ತಗಡಿನ ಮೇಲೆ ಬಿಳಿ ಬಳಿಯುತ್ತ ಪೇಂಟರ್ ಹಳೆಯ ನೆನಪುಗಳಲ್ಲಿ ಮುಳುಗಿದ.

ಅವನ ತಾಯಿ ಹೋದಾಗ ಅವನಿಗೆ ಒಂಬತ್ತು ವರ್ಷ. ಲಾರಿ ಓಡಿಸುತ್ತಿದ್ದ ಅಪ್ಪ ಮಗನನ್ನು ತಂದು ತನ್ನ ತಮ್ಮನ ಮನೆಯಲ್ಲಿ ಬಿಟ್ಟ. ಅಲ್ಲಿಗೆ ಬಂದ ವಾರದಲ್ಲೇ ಹುಡುಗ ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಹೊಯ್ಯತೊಡಗಿದ. ಚಿಕ್ಕಮ್ಮ ಕೆಟ್ಟವಳಲ್ಲ. ಆದರೆ ಅವಳಿಗೂ ಸಣ್ಣ ಮಕ್ಕಳಿದ್ದರು, ಹಾಸಿಗೆ ಹೊದಿಕೆಗಳು ಎಣಿಸಿದಷ್ಟೇ ಇದ್ದವು, ದಿನಾ ಬೆಳಗ್ಗೆ ಒಗೆಯುವ ಕೈ ಅವಳದೇ. ಕೊನೆಗೆ ಅವನಿಗೆ ಹಿತ್ತಲ ಬಾಗಿಲ ಹತ್ತಿರ ಒಂದು ಗೋಣಿಚೀಲ ಹಾಸಿಕೊಟ್ಟಳು. ಚಿಕ್ಕಪ್ಪ ತಮಾಷೆಯ ಮನುಷ್ಯ. "ಹಾಸಿಗೆ ಇದ್ದಷ್ಟು ಕಾಲು ಚಾಚಪ್ಪಾ" ಎಂದು ನಕ್ಕ. ಹಾಸಿಗೆಯೇ ಇಲ್ಲದವನು ಕಾಲನ್ನು ಎಲ್ಲಿಗೆ ಚಾಚಬೇಕು? ಹುಡುಗ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗುತ್ತಿದ್ದ.

ಆ ಮನೆಯ ಹಿತ್ತಲಿಗೂ ಹಾಸಿಗೆಯಮ್ಮನ ಅಂಗಳಕ್ಕೂ ನಡುವೆ ಒಂದೇ ಮೋಟು ಗೋಡೆ. ಅವಳ ಮಗನೂ ಈ ಹುಡುಗನೂ ಒಂದೇ ತರಗತಿ, ಒಂದೇ ಬೆಂಚು. ಯಾರು ಹೇಳಿದರೋ, ಅಥವಾ ಗೋಡೆಯಾಚೆಯಿಂದ ತಾನೇ ನೋಡಿದಳೋ, ಒಂದು ಸಂಜೆ ಅವಳು ಗೋಡೆಗೆ ಎದೆ ಆನಿಸಿ ಚಿಕ್ಕಮ್ಮನನ್ನು ಕೂಗಿದಳು.

"ಏನಮ್ಮಾ, ಒಂದು ಹಾಸಿಗೆ ಅಳತೆ ತಪ್ಪಿ ಗಿಡ್ಡ ಆಗಿಬಿಟ್ಟಿದೆ. ಗಿರಾಕಿ ಬೇಡ ಅಂದ. ಮನೇಲಿ ಇಟ್ಟುಕೊಂಡರೆ ಹೆಗ್ಗಣ ಕಡಿದು ಹಾಕುತ್ತೆ. ನಿಮ್ಮ ಹುಡುಗನಿಗೆ ಆಗುತ್ತಾ ನೋಡಿ."

ಅವಳ ಕೈಯಲ್ಲಿ ಅಳತೆ ತಪ್ಪಿದ ಹಾಸಿಗೆ ಆ ಊರಿನಲ್ಲಿ ಅದೊಂದೇ.

ಹುಡುಗ ಹೆದರಿದ. ಮಾರನೆಯ ಬೆಳಗ್ಗೆ ಚಿಕ್ಕಮ್ಮ ಏಳುವ ಮುಂಚೆ ಗೋಡೆಯ ಬಳಿ ನಿಂತು ಅತ್ತ. ದೊಡ್ಡಮ್ಮ ಆಗಲೇ ಅಂಗಳ ಗುಡಿಸುತ್ತಿದ್ದಳು.

"ಒದ್ದೆ ಆಗೋಯ್ತು" ಎಂದ.

"ಆದರೆ ಏನಾಯ್ತು? ಒಣಗಿಸೋದೇ ನನ್ನ ಕಸುಬು. ಎತ್ತಿ ಈ ಕಡೆ ಹಾಕು."

ಅಲ್ಲಿಂದ ಮುಂದೆ ಅದೊಂದು ಪದ್ಧತಿಯೇ ಆಯಿತು. ಬೆಳಗ್ಗೆ ಹಾಸಿಗೆಯನ್ನು ಸುತ್ತಿ ಗೋಡೆಯ ಮೇಲಿಟ್ಟರೆ ಆ ಕಡೆಯಿಂದ ಎರಡು ಕೈ ಬಂದು ಎಳೆದುಕೊಳ್ಳುತ್ತಿದ್ದವು. ಸಂಜೆಗೆ ಅದು ಬಿಸಿಲಿನ ವಾಸನೆ ಹೊತ್ತು ಗೋಡೆಯ ಮೇಲೆ ಕೂತಿರುತ್ತಿತ್ತು. ಹಾಸಿಗೆ ಒಣಗಿಸುವ ಅಂಗಳದಲ್ಲಿ ಇನ್ನೊಂದು ಹಾಸಿಗೆ ಯಾರ ಕಣ್ಣಿಗೆ ಬಿದ್ದೀತು? ಬಿಸಿಲಿಲ್ಲದ ದಿನಗಳಲ್ಲಿ ಅವಳು ಹೊಲಿಗೆ ಬಿಚ್ಚಿ, ಗಂಟು ಕಟ್ಟಿದ ಹತ್ತಿಯನ್ನು ಬಿಡಿಸಿ ಒಲೆಯ ಪಕ್ಕ ಹರಡಿ, ಮತ್ತೆ ತುಂಬಿ ಹೊಲಿಯುತ್ತಿದ್ದಳು. ಒಂದು ದಿನವಾದರೂ "ಇವತ್ತೂನಾ?" ಎನ್ನಲಿಲ್ಲ. ಹತ್ತಿ ಕೆಲಸ ಮಾಡಿದವರಿಗೆ ಮಾತ್ರ ಗೊತ್ತು ಅದೆಂಥ ರಗಳೆ ಎಂದು. ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ಯಾವ ಔಷಧಿಯೂ ಇಲ್ಲದೆ, ಯಾರೂ ಗದರಿಸದೆ, ಅದು ತಾನಾಗಿ ನಿಂತಿತು. ಶಾಲೆಯಲ್ಲಿ ಒಬ್ಬನಾದರೂ ಅವನನ್ನು ಹೀಯಾಳಿಸಲಿಲ್ಲ. ಯಾರಿಗೂ ಗೊತ್ತೇ ಆಗಲಿಲ್ಲವಲ್ಲ.

ಈ ಋಣವನ್ನು ನೆನೆದೇ ಪೇಂಟರ್ ಎರಡು ಕೈ ಬಿಳಿಯನ್ನು ಮೂರಕ್ಕೆ ಏರಿಸಿದ. ಈಗ ಬೋರ್ಡಿನ ಮೇಲೆ ಏನು ಬರೆಯಬೇಕು ಎನ್ನುವುದೊಂದು ಉಳಿಯಿತು. ಕಸುಬಿನ ಬುದ್ಧಿ ಅಲ್ಲಿ ಓಡಿತು. ಜನರ ಬಾಯಲ್ಲಿರುವ ಹೆಸರೇ ಅಂಗಡಿಗೆ ಬಂಡವಾಳ. ದಿಂಬು ಬೇಕಾದವರು "ತೊಪ್ಪೆ ಹತ್ತಿರ ಹೋಗು" ಎನ್ನುತ್ತಾರೆಯೇ ಹೊರತು ಇನ್ನೇನೂ ಹೇಳುವುದಿಲ್ಲ. ಆ ಅಡ್ಡಹೆಸರು ಯಾಕೆ ಬಂತೆಂದು ಚಿಕ್ಕವನಿದ್ದಾಗ ಒಮ್ಮೆ ಕೇಳಿದ್ದಕ್ಕೆ ಗೆಳೆಯನೇ ಹೇಳಿದ್ದ: "ನೀನು ನಿಮ್ಮಪ್ಪನ ಜೊತೆ ಲಾರೀಲಿ ಹೋಗಿದ್ದೆಯಲ್ಲ, ಆವಾಗ ನಾನು ಸೇತುವೆ ಹತ್ತಿರ ನೀರಿಗೆ ಬಿದ್ದೆ. ತೊಯ್ದು ತೊಪ್ಪೆ ಆಗಿದ್ದೆ. ಅದಕ್ಕೇ." ಎಲ್ಲರೂ ಕರೆದರು, ಪೇಂಟರನೂ ಕರೆದ. ಎಲ್ಲರಿಗಿಂತ ಜಾಸ್ತಿ, ಎಲ್ಲರಿಗಿಂತ ಪ್ರೀತಿಯಿಂದ ಕರೆದ. ದೊಡ್ಡಮ್ಮನಿಗೆ ಮಾತ್ರ ಅದು ಹಿಡಿಸುತ್ತಿರಲಿಲ್ಲ. ಬಾಗಿಲಲ್ಲಿ ನಿಂತು "ತೊಪ್ಪೆ ಇದಾನಾ ದೊಡ್ಡಮ್ಮಾ?" ಎಂದರೆ, "ನನ್ನ ಮಗ ಇದಾನೆ, ಬಾ" ಎನ್ನುತ್ತಿದ್ದಳು. ದೊಡ್ಡವರಿಗೆ ಅಡ್ಡಹೆಸರು ಹಿಡಿಸುವುದಿಲ್ಲ, ಅದರಲ್ಲೇನು ವಿಶೇಷ ಎಂದು ಅವನು ಅಂದುಕೊಂಡಿದ್ದ.

ಬರೆದ. ನೀಲಿಯಲ್ಲಿ, ಒಂದೊಂದು ಅಕ್ಷರ ಮೊಳದುದ್ದ: ತೊಪ್ಪೆ ಹಾಸಿಗೆ ಅಂಗಡಿ. ಕೆಳಗೆ ಚಿಕ್ಕದಾಗಿ, ಹಳೆಯ ಹತ್ತಿ ಹಿಂಜಿ ಕೊಡಲಾಗುವುದು. ಮೂಲೆಯಲ್ಲಿ ಒಂದು ದಿಂಬಿನ ಚಿತ್ರ. ಹಿಂದೆ ಸರಿದು ನೋಡಿದಾಗ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕು ಎನಿಸಿತು.

ಬೆಳಗ್ಗೆ ಚಹಾದವನು ಏಣಿ ಹಿಡಿದ. ಪೇಂಟರ್ ಮೊಳೆ ಹೊಡೆದ. ಕೊನೆಯ ಮೊಳೆ ಬಡಿಯುವಾಗ ಗೆಳೆಯ ಬೀಗದ ಕೈ ಹಿಡಿದು ಬಂದ. ತಲೆ ಎತ್ತಿ ಓದಿದ. ಅವನ ಮುಖ ಕಂಡು ಚಹಾದವನಿಗೆ ತನ್ನ ಒಲೆಯ ಮೇಲೆ ಹಾಲು ಇಟ್ಟದ್ದು ತಟ್ಟನೆ ನೆನಪಾಯಿತು. ಏಣಿ ಬಿಟ್ಟು ಹೊರಟುಹೋದ.

"ಇಳಿಸು" ಎಂದ ಗೆಳೆಯ.

"ಹೇಗಿದೆ ಹೇಳೋ ಮೊದಲು!"

"ಇಳಿಸು ಅಂದೆ."

"ದುಡ್ಡು ಕೇಳಲ್ಲ ಮಾರಾಯ. ದೊಡ್ಡಮ್ಮನ ನೆನಪಿಗೆ ಅಂತ ಬರೆದಿದ್ದು."

"ಅಮ್ಮನ ನೆನಪಿಗೆ ಅದನ್ನ ಬರೆದೆಯಾ?" ಗೆಳೆಯನ ದನಿ ಏರಲಿಲ್ಲ, ಇಳಿಯಿತು. "ಯಾಕೆ ಫ್ಲೆಕ್ಸಿಗೆ ಹೋಗಿದ್ದೆ ಗೊತ್ತಾ? ಅಲ್ಲಿ ಕೂತಿರೋ ಹುಡುಗ ಬೇರೆ ಊರಿನವನು. ಏನು ಹೇಳ್ತೀನೋ ಅದನ್ನ ನಗದೆ ಹೊಡೀತಾನೆ. ಒಂದು ಸಲವಾದರೂ ನನ್ನ ಹೆಸರು ನನ್ನ ಅಂಗಡಿ ಮೇಲೆ ಇರಲಿ ಅಂತ ಆಸೆ ಇತ್ತು. ನಿನ್ನ ಹತ್ತಿರ ಬಂದರೆ ನೀನು ನಗ್ತೀಯ ಅಂತ ಬರಲಿಲ್ಲ."

ಪೇಂಟರ್ ಏಣಿಯ ಮೇಲೆಯೇ ನಿಂತಿದ್ದ. "ಅಷ್ಟಕ್ಕೆಲ್ಲ ಸಿಟ್ಟಾ? ಚಿಕ್ಕಂದಿನಲ್ಲಿ ನೀರಿಗೆ ಬಿದ್ದೆ, ಯಾರು ಬೀಳಲ್ಲ? ಅದರಲ್ಲಿ ಮರ್ಯಾದೆ ಹೋಗೋದೇನಿದೆ?"

"ನಾನು ಯಾವ ನೀರಿಗೂ ಬಿದ್ದಿಲ್ಲ ಕಣೋ."

ಅಷ್ಟು ಹೇಳಿ ಅವನು ಬಾಗಿಲು ತೆಗೆದು ಒಳಗೆ ಹೋದ. ಪೇಂಟರ್ ಇಳಿದು ಹಿಂದೆಯೇ ಹೋದ. ಒಳಗೆ ಹತ್ತಿಯ ರಾಶಿ, ಹೊಲಿಯದ ದಿಂಬುಗಳು, ಗೋಡೆಗೆ ಒರಗಿಸಿದ ಹಳೆಯ ಬಿಲ್ಲು. ಗೆಳೆಯ ಹತ್ತಿಯ ಮೂಟೆಯ ಮೇಲೆ ಕೂತು, ಎದುರಿಗಿದ್ದ ಇನ್ನೊಂದು ಮೂಟೆಯನ್ನು ಕಾಲಿನಿಂದ ತಳ್ಳಿದ. ಕೂತುಕೋ ಎಂದು ಅದರ ಅರ್ಥ.

"ಅಮ್ಮನ ಒಂದು ನಿಯಮ ಇತ್ತಲ್ಲ, ಜ್ಞಾಪಕ ಇದೆಯಾ? ಒದ್ದೆ ಹತ್ತಿ ಗಿರಾಕಿ ಹತ್ತಿ ಪಕ್ಕಕ್ಕೂ ಬರಬಾರದು. ಹಿಡಿಯಷ್ಟು ಒದ್ದೆ ಸೇರಿದರೆ ರಾಶಿಯೆಲ್ಲ ಮುಗ್ಗುತ್ತೆ."

"ಹೂಂ."

"ಹಾಗಾಗಿ ನಿನ್ನ ಹಾಸಿಗೆಯನ್ನ ಬೇರೆ ಹಗ್ಗದ ಮೇಲೆ ಹಾಕ್ತಿದ್ದಳು. ಗೋಡೆ ಪಕ್ಕ, ಒಂದೇ ಒಂದು. ಮಿಕ್ಕಿದ್ದೆಲ್ಲ ಸಾಲಾಗಿ ಈ ಕಡೆ."

ಪೇಂಟರನಿಗೆ ಅದು ಗೊತ್ತಿರಲಿಲ್ಲ. ತನ್ನ ಹಾಸಿಗೆ ಗುಂಪಿನಲ್ಲಿ ಗೋವಿಂದ ಎಂದು ಎಲ್ಲದರ ನಡುವೆ ಒಣಗುತ್ತಿತ್ತು ಎಂದೇ ಅವನು ತಿಳಿದಿದ್ದ. ಹಗಲಿನಲ್ಲಿ ಅವನು ಆ ಅಂಗಳಕ್ಕೆ ಕಾಲಿಡುತ್ತಿರಲಿಲ್ಲ, ನಾಚಿಕೆ.

"ಒಂದು ದಿನ ಲಾಡ್ಜಿನ ಮ್ಯಾನೇಜರ್ ಬಂದ. ಅವರ ಹಾಸಿಗೆಗಳೆಲ್ಲ ನಮ್ಮಲ್ಲಿಗೇ ಬರ್ತಿದ್ದಿದ್ದು, ನಮ್ಮ ಅನ್ನಾನೇ ಅದರಿಂದ. ಬಂದವನು ಅಲ್ಲಿ ನೋಡಿದ. 'ಏನಮ್ಮಾ ಅದು, ಒಂದೇ ಒಂದು ಆ ಮೂಲೇಲಿ, ಕಲೆ ಬೇರೆ? ಯಾರೋ ರೋಗಿಷ್ಟರದ್ದಾ? ನಮ್ಮದರ ಜೊತೆ ಕಲಸಿಬಿಟ್ಟೀರಿ' ಅಂದ. ಹಾಲಿನವಳೂ ಅಲ್ಲೇ ನಿಂತಿದ್ದಳು. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಹಾಲಿನ ಜೊತೆ ಮನೆಮನೆಗೂ ಹಂಚಿಕೆ."

"ಆಮೇಲೆ?"

"ಆಮೇಲೇನು. ಗಿರಾಕೀದು ಅಂದರೆ ಲಾಡ್ಜು ಕೈಬಿಡುತ್ತೆ. ಪಕ್ಕದ ಮನೆ ಹುಡುಗಂದು ಅಂದರೆ ನಿನ್ನ ಕಥೆ ಮುಗೀತು. ನಾನು ಅಲ್ಲೇ ಹತ್ತಿ ಬಿಡಿಸ್ತಾ ಕೂತಿದ್ದೆ. ಅಮ್ಮ ನನ್ನ ಕಡೆ ಒಂದು ಸಲ ನೋಡಿದಳು. 'ರೋಗವೂ ಇಲ್ಲ, ರುಜಿನವೂ ಇಲ್ಲ ಸ್ವಾಮಿ, ನಮ್ಮ ಹುಡುಗಂದೇ' ಅಂದಳು."

ಪೇಂಟರ್ ಮೂಟೆಯಿಂದ ಹೊರಬಂದಿದ್ದ ಹತ್ತಿಯನ್ನು ಒಳಗೆ ತುರುಕಿದ.

"ಮಾರನೇ ದಿನ ಶಾಲೆಗೆ ಹೋದರೆ ಹೆಸರು ರೆಡಿ. ನೀನು ಊರಲ್ಲಿ ಇರಲಿಲ್ಲ, ಅಪ್ಪನ ಜೊತೆ ಹೋಗಿದ್ದೆ. ನಾನು ಅಳ್ತಾ ಮನೆಗೆ ಬಂದೆ. ಅಮ್ಮ ಕೂರಿಸಿಕೊಂಡು ಹೇಳಿದಳು, 'ಅವನಿಗೆ ತಾಯಿ ಇಲ್ಲ. ನಿನಗೆ ನಾನಿದ್ದೀನಿ. ತಾಯಿ ಇರೋ ಹುಡುಗ ಒಂದು ಮಾತು ತಡ್ಕೋಬಹುದು. ಅವನಿಗೆ ಮಾತ್ರ ಯಾವತ್ತೂ ಗೊತ್ತಾಗಬಾರದು.' ನಾನು ಹೂಂ ಅಂದೆ. ಹತ್ತು ವರ್ಷದ ಹುಡುಗ, ಏನು ಗೊತ್ತಾಗುತ್ತೆ? ಒಂದು ಮಾತು ಅಂದಳು, ಒಂದು ವಾರದಲ್ಲಿ ಹೋಗುತ್ತೆ ಅಂದುಕೊಂಡಳು ಪಾಪ. ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗುತ್ತಾ? ನನ್ನ ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೇಳಿದರು, ತೊಪ್ಪೆ ಅಂತ ಯಾಕೆ ಕರೀತಾರೆ ಅಂತ. ನನ್ನ ಮಗಳು ಕೇಳಿದಳು. ಎಲ್ಲರಿಗೂ ಸೇತುವೆ ಕಥೆ ಹೇಳಿದೆ. ಮೊದಲು ಹೇಳಿದ್ದು ನಿನಗೆ. ಹೇಳಿ ಹೇಳಿ ಒಂದೊಂದು ಸಲ ನಾನೇ ನಿಜವಾಗಿ ಬಿದ್ದಿದ್ದೆ ಅನ್ನಿಸುತ್ತೆ."

"ದೊಡ್ಡಮ್ಮನಿಗೆ ಬೇಜಾರಿತ್ತಾ?"

"ಗಿರಾಕಿಗಳು ತೊಪ್ಪೆ ಅಂತ ಕೂಗಿದಾಗಲೆಲ್ಲ ಏನೋ ಕೆಲಸ ಇರೋ ಹಾಗೆ ಒಳಗೆ ಹೋಗ್ತಿದ್ದಳು. ಕೊನೇ ದಿನಗಳಲ್ಲಿ ಒಂದು ಸಲ ಕೇಳಿದಳು, 'ನಾನು ನಿನ್ನ ಪಾಲಿನದನ್ನ ಎತ್ತಿ ಅವನಿಗೆ ಕೊಟ್ಟುಬಿಟ್ಟೆ ಅಲ್ವೇನೋ?' ಅಂತ. 'ಹೋಗಲಿ ಬಿಡಮ್ಮ' ಅಂದೆ." ಗೆಳೆಯ ಹತ್ತಿಯ ಒಂದು ಎಳೆಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. "ಬೇರೆಯವರು ಕರೆದರೆ ಏನೂ ಅನ್ನಿಸಲ್ಲ ಕಣೋ. ನೀನು ಕರೆದಾಗ ಮಾತ್ರ ಒಂದೊಂದು ಸಲ ಚುರ್ರ್ ಅನ್ನೋದು."

ಪೇಂಟರ್ ಎದ್ದ. ಏನು ಹೇಳಬೇಕೆಂದು ತಿಳಿಯದಿದ್ದಾಗ ಮನುಷ್ಯ ಏನಾದರೂ ಮಾಡಹೊರಡುತ್ತಾನೆ. ಹಾಗೆ ಮಾಡುವುದು ಬಹಳ ಸಲ ತಪ್ಪೇ ಆಗಿರುತ್ತದೆ. ಅವನು ನೇರ ರಸ್ತೆ ದಾಟಿ ಚಹಾದ ಅಂಗಡಿಗೆ ನುಗ್ಗಿದ. ಬೆಳಗಿನ ಹೊತ್ತು, ಬೆಂಚುಗಳು ತುಂಬಿದ್ದವು.

"ಎಲ್ಲರೂ ಕೇಳಿ" ಎಂದ. "ಚಿಕ್ಕಂದಿನಲ್ಲಿ ಹಾಸಿಗೆ ಒದ್ದೆ ಮಾಡ್ತಿದ್ದವನು ನಾನು. ಅವನಲ್ಲ. ತೊಪ್ಪೆ ಅನ್ನೋದಾದರೆ ನನ್ನನ್ನ ಅನ್ನಿ."

ಬೆಂಚಿನ ಮೇಲಿದ್ದವರೆಲ್ಲ ಅವನ ಕಡೆ ತಿರುಗಿದರು.

"ಈಗಲೂನಾ?" ಎಂದ ಚಹಾದವನು.

ಅಂಗಡಿಗೆ ಅಂಗಡಿಯೇ ನಕ್ಕಿತು. "ಹಾಗಾದರೆ ಇವನಿಗೆ ಅರ್ಧ ಗ್ಲಾಸೇ ಕೊಡಪ್ಪಾ" ಎಂದ ಒಬ್ಬ. ಎಲ್ಲರಿಗಿಂತ ಹಿರಿಯನಾದ ಕ್ಷೌರಿಕ ಮಾತ್ರ ಗ್ಲಾಸು ಕೆಳಗಿಟ್ಟು ಯೋಚಿಸಿದ. "ಅವನನ್ನ ತೊಪ್ಪೆ ಅಂತ ಯಾಕೆ ಕರೀತಿದ್ವಿ ಅನ್ನೋದೇ ನಮಗೆ ಮರೆತುಹೋಗಿತ್ತಲ್ಲೋ! ಈಗ ನೀನೇ ನೆನಪು ಮಾಡಿಕೊಟ್ಟೆ."

ಪೇಂಟರ್ ತಿರುಗಿದರೆ ಹಿಂದೆ ಗೆಳೆಯ ನಿಂತಿದ್ದ.

"ಮುಗೀತಾ ನಿನ್ನ ಭಾಷಣ?" ಎಂದ. "ನಲವತ್ತು ವರ್ಷ ಬಾಯಿ ಕಟ್ಟಿಕೊಂಡು ಕಾಪಾಡಿದ್ದನ್ನ ಒಂದು ಚಹಾ ಕುಡಿಯೋ ಹೊತ್ತಿನಲ್ಲಿ ಕೆಡಿಸಿದೆ. ಅಮ್ಮನ ಮಾತು ಹೋಯ್ತು."

"ದೊಡ್ಡಮ್ಮ ಕಾಪಾಡಿದ್ದು ಒಬ್ಬ ಹುಡುಗನನ್ನ. ಅವನಿಗೆ ಈಗ ತಲೆ ನೆರೆತಿದೆ. ಅವರು ನಗಲಿ ಬಿಡು, ನನಗೇನಾಗುತ್ತೆ?"

"ನಿನಗೇನೂ ಆಗಲ್ಲ. ಅದಕ್ಕೇ ಹೇಳೋದು, ಈಗ ಹೇಳಿ ಏನೂ ಪ್ರಯೋಜನ ಇಲ್ಲ ಅಂತ." ಗೆಳೆಯನ ತುಟಿಯ ಒಂದು ಮೂಲೆ ಅಲುಗಿತು. ನಗುವೋ ಸಿಟ್ಟೋ ಹೇಳಲಾಗದು. "ಬಾ. ಬೋರ್ಡು ಇಳಿಸು. ಗಿರಾಕಿಗಳು ಬರೋ ಹೊತ್ತಾಯ್ತು."

ಇಳಿಸಿದ. ಅಂಗಳದಲ್ಲಿ ಮಲಗಿಸಿ, ಉಜ್ಜುಕಾಗದ ಹಿಡಿದು ನೀಲಿಯನ್ನೆಲ್ಲ ಕೆರೆದ. ಮೂರು ಕೈ ಬಿಳಿಯ ಮೇಲೆ ಹೊಡೆದ ನೀಲಿ, ಸುಲಭಕ್ಕೆ ಬಿಡಲಿಲ್ಲ, ಭುಜ ನೋಯತೊಡಗಿತು. ಗೆಳೆಯ ಸ್ವಲ್ಪ ಹೊತ್ತು ನಿಂತು ನೋಡಿ, ಇನ್ನೊಂದು ತುಂಡು ಕಾಗದ ತೆಗೆದುಕೊಂಡು ಎದುರು ತುದಿಯಿಂದ ಉಜ್ಜತೊಡಗಿದ. ಮತ್ತೆ ಬಿಳಿ ಬಳಿದು ಒಣಗಿದ ಮೇಲೆ ಪೇಂಟರ್ ಬ್ರಷ್ಷು ಎತ್ತಿದ, ತಡೆದ.

"ನಿನ್ನ ಹೆಸರು ಪೂರ್ತಿ ಹೇಳು" ಎಂದ.

ಒಂದೇ ಬೆಂಚಿನಲ್ಲಿ ಕೂತು ಬೆಳೆದವನಿಗೆ ಅದನ್ನು ಕೇಳಬೇಕಾಯಿತು. ಹಾಜರಿ ಕೂಗುವಾಗ ಕೇಳಿಸಿದ್ದು ಬಿಟ್ಟರೆ ಆ ಹೆಸರು ಅವನ ಬಾಯಿಗೆ ಎಂದೂ ಬಂದಿರಲಿಲ್ಲ. ಗೆಳೆಯ ತನ್ನ ಹೆಸರನ್ನು, ಅದರ ಹಿಂದೆ ತಂದೆಯ ಹೆಸರನ್ನು ನಿಧಾನವಾಗಿ ಹೇಳಿದ, ಕಚೇರಿಯ ಕಿಟಕಿಯಲ್ಲಿ ಹೇಳುವ ಹಾಗೆ. ಪೇಂಟರ್ ನಗಲಿಲ್ಲ. ತನಗೆ ಗೊತ್ತಿದ್ದ ಅತ್ಯಂತ ಒಳ್ಳೆಯ ಅಕ್ಷರದಲ್ಲಿ ಬರೆದ.

ಬೋರ್ಡು ಈಗಲೂ ಅಲ್ಲಿದೆ. ಹಳಬರು ಯಾರೂ ಅದನ್ನು ಓದುವುದಿಲ್ಲ; ಅವರಿಗೆ ದಾರಿ ಗೊತ್ತು. "ತೊಪ್ಪೆ, ಎರಡು ದಿಂಬು ಕಟ್ಟಿಡು" ಎಂದು ರಸ್ತೆಯಿಂದಲೇ ಕೂಗಿ ಹೋಗುತ್ತಾರೆ. ಚಹಾದ ಅಂಗಡಿಯಲ್ಲಿ ಪೇಂಟರನನ್ನೂ ನಾಲ್ಕು ದಿನ ಹಾಗೆ ಕರೆದು ನೋಡಿದರು, ಹೆಸರು ಅಂಟಲಿಲ್ಲ, ಬಿಟ್ಟರು. ಮೊನ್ನೆ ಹೊಸದಾಗಿ ಊರಿಗೆ ಬಂದ ಟೀಚರಮ್ಮನೊಬ್ಬಳು ಬಾಗಿಲಲ್ಲಿ ನಿಂತು, ತಲೆ ಎತ್ತಿ ಓದಿ, ಆ ಹೆಸರಿನ ಜೊತೆ 'ಅವರೇ' ಸೇರಿಸಿ ಕರೆದಳು. ದಬ್ಬಣ ಹಿಡಿದು ಕೂತವನು ತಲೆ ಎತ್ತಲಿಲ್ಲ. ಅವಳು ಮೂರನೇ ಸಲ ಕರೆದಾಗ, ಪಕ್ಕದಲ್ಲಿದ್ದ ಪೇಂಟರ್ ತೋಳು ತಿವಿದು "ನಿನ್ನನ್ನೇ ಕಣೋ" ಎನ್ನಬೇಕಾಯಿತು.

ದೊಡ್ಡಮ್ಮನಿಂದ ಪೇಂಟರನಿಗೆ ಸಿಕ್ಕಿದ್ದು ಯಾರೂ ನಗದ ಒಂದು ಬಾಲ್ಯ, ಒಣಗಿದ ಒಂದು ಹಾಸಿಗೆ. ಅದರ ಬೆಲೆ ತೆತ್ತವನು ಅವಳ ಮಗ. ಅವನು ಕಳೆದುಕೊಂಡದ್ದು ತನ್ನ ಹೆಸರನ್ನು, ಅದು ತಗಡಿನ ಮೇಲಷ್ಟೇ ಹಿಂತಿರುಗಿ ಬಂತು.